ಮುಚ್ಚಿದರೂ ತೆರೆಯುವ ಹಳೆಯ ಟೀಮ್ಸ್

ರಾತ್ರಿ ರೇಡಿಯೋ ಬಂದ್ ಮಾಡುವಾಗ ಮುಳ್ಳು ಯಾವ ಕೇಂದ್ರದ ಮೇಲೆ ನಿಂತಿರುತ್ತದೆಯೋ, ಮರುದಿನ ಮುಂಜಾನೆ ಹಚ್ಚಿದೊಡನೆ ಅದೇ ಕೇಂದ್ರ ಮಾತನಾಡತೊಡಗುವದು. ಆ ಕೇಂದ್ರ ನಮಗೆ ಬೇಡವಾಗಿದ್ದರೆ ರೇಡಿಯೋವನ್ನು ಹತ್ತು ಸಲ ಆರಿಸಿ ಹತ್ತು ಸಲ ಹಚ್ಚಿದರೂ ಪ್ರಯೋಜನವಿಲ್ಲ, ಮುಳ್ಳನ್ನೇ ತಿರುಗಿಸಬೇಕು. ಇದು ಎಲ್ಲರಿಗೂ ತಿಳಿದ ಮಾತು. ಆದರೆ ಕಂಪ್ಯೂಟರಿನ ಮುಂದೆ ಕುಳಿತಾಗ ಮಾತ್ರ ಈ ಮಾತು ನಮಗೆ ಬೇಗನೆ ಹೊಳೆಯುವದಿಲ್ಲ.

ಒಂದು ಸೋಮವಾರ ಮುಂಜಾನೆ, ರೋಣದಲ್ಲಿಯ ಒಂದು ಕಚೇರಿ ಎಂದು ಭಾವಿಸಿರಿ. ಹತ್ತೂವರೆಗೆ ಗದಗಿನಲ್ಲಿರುವ ಮೇಲಿನವರೊಡನೆ ಟೀಮ್ಸ್ ಮೂಲಕ ಸಭೆ ಇದೆ. ಕಾರಕೂನರು ಹತ್ತಕ್ಕೇ ಬಂದು ಕಂಪ್ಯೂಟರ್ ಚಾಲೂ ಮಾಡುತ್ತಾರೆ. ಯಾರೂ ಕರೆಯದೆಯೇ ಟೀಮ್ಸ್ ಕಿಟಕಿ ತೆರೆದುಕೊಳ್ಳುತ್ತದೆ. ಆದರೆ ಅದರಲ್ಲಿ ಸಭೆ ಇಲ್ಲ, ಸಂದೇಶವಿಲ್ಲ. ಈ ಆವೃತ್ತಿ ಇನ್ನು ದೊರೆಯದು, ಹೊಸದಕ್ಕೆ ಹೋಗಿರಿ ಎಂಬ ಅರ್ಥದ ಇಂಗ್ಲಿಷ್ ಸೂಚನೆಯೊಂದೇ ಇದೆ. ಕಾರಕೂನರು ಅದನ್ನು ಮುಚ್ಚಿ ಮತ್ತೆ ಚಿತ್ರ ಒತ್ತುತ್ತಾರೆ. ಮತ್ತೆ ಅದೇ ಸೂಚನೆ. ಕಂಪ್ಯೂಟರನ್ನೇ ಆರಿಸಿ ಹಚ್ಚುತ್ತಾರೆ, ಮತ್ತೆ ಅದೇ. ಹತ್ತೂ ಮುಕ್ಕಾಲಿಗೆ ಫೋನ್ ಬರುತ್ತದೆ: 'ಎಲ್ಲಿದ್ದೀರಿ?' ಕಾರಕೂನರು 'ನೆಟ್‌ವರ್ಕ್ ಇಲ್ಲರೀ ಸಾಹೇಬ್ರ' ಎನ್ನುತ್ತಾರೆ. ನೆಟ್‌ವರ್ಕ್ ಇದ್ದೇ ಇದೆ. ಹೊಸ ಟೀಮ್ಸ್ ಕೂಡ ಅದೇ ಯಂತ್ರದಲ್ಲಿ ಇದೆ. ಹಳೆಯದು ಮುಂದೆ ಬಂದು ಬಾಗಿಲಿಗೆ ಅಡ್ಡ ನಿಂತಿದೆ, ಅಷ್ಟೇ.

ಕಚೇರಿಯಲ್ಲಿ ಇದು ಒಂದು ಸಭೆ ತಪ್ಪಿದ ಮಾತಾದೀತು. ಆದರೆ ನರಗುಂದದ ಒಬ್ಬ ಹುಡುಗಿ ಪದವಿ ಮುಗಿಸಿ, ಬೆಂಗಳೂರಿನ ಒಂದು ಕೆಲಸಕ್ಕಾಗಿ ಮನೆಯಲ್ಲಿಯೇ ಕುಳಿತು ಸಂದರ್ಶನ ಕೊಡುವವಳಿದ್ದರೆ? ಅಣ್ಣನ ಹಳೆಯ ಲ್ಯಾಪ್‌ಟಾಪು, ಅರ್ಧ ಗಂಟೆಯ ಸಮಯ. ಆ ಅರ್ಧ ಗಂಟೆ ಹಳೆಯ ಕಿಟಕಿಯೊಡನೆ ಗುದ್ದಾಡುವದರಲ್ಲಿಯೇ ಕಳೆದುಹೋದರೆ ಅದನ್ನು ಯಾರು ತಿರುಗಿ ಕೊಡುವರು? ಆದ್ದರಿಂದ ಈ ಸಣ್ಣ ವಿಷಯವನ್ನು ಒಮ್ಮೆ ಸಾವಕಾಶವಾಗಿ ತಿಳಿದುಕೊಳ್ಳುವದು ಒಳ್ಳೆಯದು.

ಹಳೆಯದು ಯಾವುದು, ಹೊಸದು ಯಾವುದು?

ಮೈಕ್ರೋಸಾಫ್ಟ್ ಸಂಸ್ಥೆಯ ಟೀಮ್ಸ್ ಎಂಬ ತಂತ್ರಾಂಶ 2017ರಲ್ಲಿ ಲೋಕಕ್ಕೆಲ್ಲ ದೊರೆಯಿತು. ಕಚೇರಿಯ ಜನ ತಮ್ಮತಮ್ಮಲ್ಲಿ ಸಂದೇಶ ಕಳಿಸಲು, ಕಡತ ಹಂಚಿಕೊಳ್ಳಲು, ದೂರದಲ್ಲಿದ್ದುಕೊಂಡೇ ಮುಖ ನೋಡಿ ಮಾತನಾಡಲು ಅದನ್ನು ಮಾಡಲಾಗಿತ್ತು. 2020ರಲ್ಲಿ ಕೊರೋನಾ ಬಂದು ಕಚೇರಿ, ಕಾಲೇಜುಗಳ ಬಾಗಿಲು ಮುಚ್ಚಿದಾಗ ಇಂಥ ತಂತ್ರಾಂಶಗಳು ಹಳ್ಳಿ ಹಳ್ಳಿಗೂ ಬಂದವು. ಬೆಂಗಳೂರು, ಪುಣೆಗಳಿಂದ ಊರಿಗೆ ಮರಳಿದ ನೌಕರರು ಮನೆಯ ಪಡಸಾಲೆಯಲ್ಲಿ ಕುಳಿತು ಕೆಲಸ ಮಾಡಿದರು. ಆಗ ಹಾಕಿಕೊಂಡ ಟೀಮ್ಸ್ ಇಂದಿಗೂ ಎಷ್ಟೋ ಯಂತ್ರಗಳಲ್ಲಿ ಹಾಗೆಯೇ ಕುಳಿತಿರುವದು.

ಆ ಬಳಿಕ ಸಂಸ್ಥೆಯವರು ಟೀಮ್ಸ್‌ನ್ನು ಬುಡದಿಂದ ಹೊಸದಾಗಿ ಕಟ್ಟಿದರು. ಹಳೆಯದು ತುಂಬ ಭಾರವಾಗಿತ್ತು, ತೆರೆಯಲು ತಡ ಮಾಡುತ್ತಿತ್ತು, ಯಂತ್ರದ ಸ್ಮೃತಿಯನ್ನು ಬಹಳಷ್ಟು ನುಂಗುತ್ತಿತ್ತು. ಹೊಸದು 2023ರ ಅಕ್ಟೋಬರದಲ್ಲಿ ಎಲ್ಲರ ಕೈಗೆ ಬಂದಿತು. ಹಳೆಯದಕ್ಕೆ 'ಕ್ಲಾಸಿಕ್ ಟೀಮ್ಸ್' ಎಂದು ಹೆಸರಿಟ್ಟರು. 2024ರ ಜುಲೈ 1ಕ್ಕೆ ಈ ಕ್ಲಾಸಿಕ್‌ಗೆ ದುರಸ್ತಿ ಮತ್ತು ರಕ್ಷಣೆ ಕೊಡುವದನ್ನು ನಿಲ್ಲಿಸಿದರು. 2025ರ ಜುಲೈ 1ರಿಂದ ಅದರ ಬಳಕೆಯನ್ನೇ ನಿಲ್ಲಿಸಿದರು. ಇದರ ನಡುವೆ, ಅದೇ ಸಂಸ್ಥೆಯ ಸ್ಕೈಪ್ ಕೂಡ 2025ರ ಮೇ 5ರಂದು ಮುಚ್ಚಿತು.

ನಮ್ಮ ದೇಶದಲ್ಲಿ ತಂತಿಯ ಸೇವೆಯನ್ನು 2013ರ ಜುಲೈ ತಿಂಗಳಲ್ಲಿ ನಿಲ್ಲಿಸಿದರು. ತಂತಿಯ ಕಚೇರಿಯಲ್ಲಿ ಆ ಕಿಟಕಿ ಮುಚ್ಚಿತು. ಮರುದಿನ ಯಾರ ಮನೆಯಲ್ಲಿಯೂ ತಂತಿಯ ಯಂತ್ರ ತಾನಾಗಿ ಕಟಕಟ ಎನ್ನಲಿಲ್ಲ. ತಂತ್ರಾಂಶದ ಗತಿ ಬೇರೆ. ಅದರ ಸೇವೆ ನಿಂತರೂ ಅದರ ಪ್ರತಿ ನಮ್ಮ ಯಂತ್ರದಲ್ಲಿಯೇ ಉಳಿದಿರುತ್ತದೆ. ಅದನ್ನು ತೆರೆಯಬೇಕೆಂಬ ಆಜ್ಞೆಯೂ ಉಳಿದಿರುತ್ತದೆ. ಅನೇಕ ಕಡೆಗೆ ಹೊಸದು ಬಂದ ಕೆಲವು ದಿನಗಳಲ್ಲಿ ಹಳೆಯದು ತಾನಾಗಿಯೇ ಹೊರಟುಹೋಯಿತು. ಹಾಗೆ ಹೋಗದೆ ಉಳಿದವರ ಪಾಡೇ ನಮ್ಮ ಇಂದಿನ ವಿಷಯ.

ಆಜ್ಞೆ ಕೊಟ್ಟವರಾರು?

ಹಳೆಯ ಟೀಮ್ಸ್ ತಾನಾಗಿ ತೆರೆಯುತ್ತದೆ ಎಂದು ನಾವು ಹೇಳುತ್ತೇವೆ. ನಿಜವಾಗಿ ಯಾವುದೂ ತಾನಾಗಿ ತೆರೆಯುವದಿಲ್ಲ. ಯಾರೋ ಎಲ್ಲಿಯೋ ಒಂದು ಆಜ್ಞೆಯನ್ನು ಬರೆದಿಟ್ಟಿರುತ್ತಾರೆ. ಅಂಥ ಆಜ್ಞೆಗಳು ಮೂರು ಕಡೆಗೆ ಇರಬಹುದು.

ಮೊದಲನೆಯದು, ಆರಂಭದ ಪಟ್ಟಿ. ಕಂಪ್ಯೂಟರ್ ಚಾಲೂ ಆದೊಡನೆ ಯಾವ ಯಾವ ತಂತ್ರಾಂಶಗಳು ಎದ್ದು ನಿಲ್ಲಬೇಕು ಎಂಬ ಒಂದು ಪಟ್ಟಿ ವಿಂಡೋಸ್‌ನಲ್ಲಿ ಇರುತ್ತದೆ. ಹಳೆಯ ಟೀಮ್ಸ್ ಯಂತ್ರಕ್ಕೆ ಬಂದಾಗಲೇ ಆ ಪಟ್ಟಿಯಲ್ಲಿ ತನ್ನ ಹೆಸರು ಬರೆಸಿಕೊಳ್ಳುತ್ತಿತ್ತು. ಇದನ್ನು ಬೇಡವೆನ್ನುವ ಗುಂಡಿ ಹಳೆಯ ಟೀಮ್ಸ್‌ನ ಒಳಗೇ ಇತ್ತು. ಈಗ ಅದರ ಒಳಗೆ ಹೋಗಲಿಕ್ಕೇ ಬರುವದಿಲ್ಲವಾದ್ದರಿಂದ ಆ ಗುಂಡಿ ನಮ್ಮ ಕೈಗೆ ಸಿಕ್ಕದು. ಕೋಣೆಗೆ ಕೀಲಿ ಬಿದ್ದ ಮೇಲೆ ಒಳಗಿನ ದೀಪ ಆರಿಸಬೇಕಾದರೆ ಹೊರಗಿನ ಮೀಟರಿಗೇ ಹೋಗಬೇಕಾಗುವದು.

ಎರಡನೆಯದು, ಇನ್‌ಸ್ಟಾಲರ್. ಇದನ್ನು ತಿಳಿಯಲು ಗಜೇಂದ್ರಗಡದ ಉದಾಹರಣೆ ತೆಗೆದುಕೊಳ್ಳೋಣ. ಮೊದಲು ಈ ಭಾಗವೆಲ್ಲ ಧಾರವಾಡ ಜಿಲ್ಲೆಯಲ್ಲಿ ಇತ್ತು. 1997ರಲ್ಲಿ ಗದಗ ಜಿಲ್ಲೆಯಾಯಿತು. 2018ರಲ್ಲಿ ಗಜೇಂದ್ರಗಡ ರೋಣ ತಾಲೂಕಿನಿಂದ ಬೇರೆಯಾಗಿ ತಾನೇ ತಾಲೂಕಾಯಿತು. ಅಲ್ಲಿಯ ಒಬ್ಬ ವ್ಯಾಪಾರಿಯ ಅಂಗಡಿಯಲ್ಲಿ 'ತಾಲೂಕು ರೋಣ' ಎಂದು ಅಚ್ಚು ಹಾಕಿಸಿದ ಕಾಗದಗಳಿವೆ ಎನ್ನಿರಿ. ಮೇಜಿನ ಮೇಲಿದ್ದವನ್ನು ಹರಿದು ಒಗೆದರೂ, ಕಪಾಟಿನಲ್ಲಿ ಅದರದೇ ದೊಡ್ಡ ಕಟ್ಟು ಇದ್ದರೆ, ಹೊಸದಾಗಿ ಕೆಲಸಕ್ಕೆ ಬಂದ ಹುಡುಗ ಅದನ್ನೇ ತೆಗೆದು ಬರೆಯತೊಡಗುವನು. ಟೀಮ್ಸ್‌ಗೂ ಇಂಥ ಒಂದು ಕಟ್ಟು ಇದೆ. ಅದರ ಹೆಸರು 'ಟೀಮ್ಸ್ ಮಶೀನ್-ವೈಡ್ ಇನ್‌ಸ್ಟಾಲರ್'. ಹಳೆಯ ಟೀಮ್ಸ್ ಯಂತ್ರಕ್ಕೆ ಒಂದೇ ಪ್ರತಿಯಾಗಿ ಇರುತ್ತಿರಲಿಲ್ಲ. ಒಬ್ಬೊಬ್ಬ ಬಳಕೆದಾರನ ಖಾತೆಗೆ ಒಂದೊಂದು ಪ್ರತಿ ಇರುತ್ತಿತ್ತು. ಕಂಪ್ಯೂಟರಿಗೆ ಹೊಸ ಖಾತೆಯಿಂದ ಯಾರಾದರೂ ಪ್ರವೇಶಿಸಿದೊಡನೆ ಈ ಇನ್‌ಸ್ಟಾಲರ್ ಅವರಿಗೂ ಒಂದು ಪ್ರತಿ ತೆಗೆದು ಕೊಡುತ್ತಿತ್ತು. ಒಂದೇ ಯಂತ್ರವನ್ನು ಮೂವರು ನಾಲ್ವರು ಬಳಸುವ ಕಚೇರಿಗಳಲ್ಲಿ 'ನಿನ್ನೆ ತೆಗೆದಿದ್ದೆವು, ಇಂದು ಮತ್ತೆ ಬಂತು' ಎನ್ನುವದಕ್ಕೆ ಬಹುಮಟ್ಟಿಗೆ ಇದೇ ಕಾರಣ.

ಮೂರನೆಯ ಆಜ್ಞೆ ಕೊಡುವವರು ನಾವೇ. ಪರದೆಯ ಕೆಳಗಿನ ಪಟ್ಟಿಯಲ್ಲಿ ಇಲ್ಲವೆ ಡೆಸ್ಕ್‌ಟಾಪಿನ ಮೇಲೆ ಹಳೆಯ ಟೀಮ್ಸ್‌ನ ಚಿತ್ರವಿರುತ್ತದೆ. ನಾಲ್ಕು ವರ್ಷ ಅದನ್ನೇ ಒತ್ತಿದ ಕೈ ಇಂದೂ ಅಲ್ಲಿಗೇ ಹೋಗುವದು. ಹೊಸದು ಪಕ್ಕದಲ್ಲಿಯೇ ಇದ್ದರೂ ಕಣ್ಣು ಅದನ್ನು ಕಾಣುವದಿಲ್ಲ.

ಮೊದಲು ಹೊಸದು ಸರಿಯಾಗಿದೆಯೇ ನೋಡಿರಿ

ಹಳೆಯದನ್ನು ತೆಗೆಯುವ ಮುಂಚೆ ಒಂದು ಕೆಲಸ ಮಾಡಬೇಕು. ಹೊಸ ಬಾವಿಯ ನೀರು ಕುಡಿದು ನೋಡಿದ ಮೇಲೆಯೇ ಹಳೆಯ ಬಾವಿ ಮುಚ್ಚಬೇಕಲ್ಲವೇ? ಹೊಸ ಟೀಮ್ಸ್‌ನಲ್ಲಾಗಲಿ, ಬ್ರೌಸರಿನಲ್ಲಿ ಟೀಮ್ಸ್ ಜಾಲತಾಣ ತೆರೆದಾಗಲಿ, ನಿಮ್ಮ ಕಚೇರಿಯ ಖಾತೆಯಿಂದ ಪ್ರವೇಶಿಸಿ ನೋಡಿರಿ.

ಇಲ್ಲಿಯೇ ಅನೇಕರು ಸಿಕ್ಕಿಬೀಳುತ್ತಾರೆ. ಹಳೆಯ ಟೀಮ್ಸ್ ಒಮ್ಮೆ ಕೊಟ್ಟ ಗುಪ್ತಪದವನ್ನು ನೆನಪಿಟ್ಟುಕೊಂಡು ವರ್ಷಗಟ್ಟಲೆ ತೆರೆಯುತ್ತಿತ್ತು. ಈಗ ಹೊಸದು ಅದನ್ನು ಕೇಳಿದಾಗ ಕಚೇರಿಯಲ್ಲಿ ಯಾರಿಗೂ ಗೊತ್ತಿರುವದಿಲ್ಲ. ಗೊತ್ತಿದ್ದ ಕಾರಕೂನರಿಗೆ ಬೇರೆ ತಾಲೂಕಿಗೆ ವರ್ಗವಾಗಿರುತ್ತದೆ. ಗುಪ್ತಪದ ಸಿಕ್ಕರೂ, ಖಚಿತಪಡಿಸುವ ಸಂಖ್ಯೆ ಒಂದು ಮೊಬೈಲಿಗೆ ಹೋಗುತ್ತದೆ; ಆ ಮೊಬೈಲು ನಿವೃತ್ತರಾದ ಹಿರಿಯರದು. ಆದ್ದರಿಂದ ಖಾತೆಯ ಹೆಸರು, ಗುಪ್ತಪದ, ಖಚಿತಪಡಿಸುವ ಮೊಬೈಲು, ಈ ಮೂರೂ ಇಂದು ಆ ಕುರ್ಚಿಯಲ್ಲಿ ಕುಳಿತವರ ಬಳಿಯಲ್ಲಿ ಇವೆಯೇ ಎಂಬದನ್ನು ಸಭೆಯಿಲ್ಲದ ಒಂದು ದಿನ ನೋಡಿಕೊಳ್ಳಿರಿ. ಇಲ್ಲದಿದ್ದರೆ ಖಾತೆಗಳನ್ನು ನಡೆಸುವ ಮೇಲಿನ ಕಚೇರಿಯವರಿಗೆ ತಿಳಿಸಿ ಬದಲಿಸಿಕೊಳ್ಳಿರಿ. ಹೊಸ ಗುಪ್ತಪದವನ್ನು ಚೀಟಿಯಲ್ಲಿ ಬರೆದು ಪರದೆಗೆ ಅಂಟಿಸಬೇಡಿರಿ.

ಇನ್ನೊಂದು ಭಯವೂ ಜನರಲ್ಲಿ ಇದೆ: 'ಹಳೆಯದನ್ನು ತೆಗೆದರೆ ಅದರಲ್ಲಿಯ ನಮ್ಮ ಸಂದೇಶಗಳೆಲ್ಲ ಹೋದಾವು.' ಹೋಗುವದಿಲ್ಲ. ಸಂದೇಶಗಳೂ ಹಂಚಿಕೊಂಡ ಕಡತಗಳೂ ನಿಮ್ಮ ಯಂತ್ರದಲ್ಲಿರುವದಿಲ್ಲ. ಅವು ನಿಮ್ಮ ಸಂಸ್ಥೆಯ ಖಾತೆಯಲ್ಲಿ, ದೂರದ ಸರ್ವರಿನಲ್ಲಿ ಇರುತ್ತವೆ. ಅದೇ ಖಾತೆಯಿಂದ ಹೊಸದರೊಳಗೆ ಹೋದರೆ ಅವೇ ಸಂದೇಶಗಳು ಕಾಣುವವು. ನೀವು ಇಳಿಸಿಕೊಂಡಿದ್ದ ಕಡತಗಳು ಡೌನ್‌ಲೋಡ್ಸ್ ಎಂಬಲ್ಲಿ ಇದ್ದ ಹಾಗೆಯೇ ಇರುವವು. ರೇಡಿಯೋ ಪೆಟ್ಟಿಗೆ ಬದಲಿಸಿದ ಮಾತ್ರಕ್ಕೆ ಕೇಂದ್ರ ನಿಂತುಹೋಗುವದಿಲ್ಲವಷ್ಟೇ.

ತಡೆಯುವ ಕ್ರಮ

ಈಗ ಕೆಲಸಕ್ಕೆ ಬರೋಣ. ಮೊದಲು ಆರಂಭದ ಪಟ್ಟಿ. ಕೀಲಿಮಣೆಯಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರನ್ನೂ ಒಟ್ಟಿಗೆ ಒತ್ತಿರಿ. 'ಟಾಸ್ಕ್ ಮ್ಯಾನೇಜರ್' ತೆರೆಯುವದು. ಅದರಲ್ಲಿ 'ಸ್ಟಾರ್ಟ್‌ಅಪ್' ಎಂಬ ಭಾಗಕ್ಕೆ ಹೋಗಿರಿ. ವಿಂಡೋಸ್ 11ರಲ್ಲಿ ಅದಕ್ಕೆ 'ಸ್ಟಾರ್ಟ್‌ಅಪ್ ಆ್ಯಪ್ಸ್' ಎಂದು ಹೆಸರು. ಅಲ್ಲಿ ಟೀಮ್ಸ್ ಎಂಬ ಹೆಸರು ಎರಡು ಸಲ ಕಂಡರೆ ಗಾಬರಿಯಾಗಬೇಡಿರಿ. ಒಂದು ಹಳೆಯದು, ಒಂದು ಹೊಸದು. ಒಂದೊಂದರ ಮೇಲೆಯೂ ಮೌಸಿನ ಬಲಗುಂಡಿ ಒತ್ತಿ 'ಓಪನ್ ಫೈಲ್ ಲೊಕೇಶನ್' ಎಂಬದನ್ನು ಆರಿಸಿರಿ. ತೆರೆದ ಫೋಲ್ಡರಿನ ವಿಳಾಸದಲ್ಲಿ ಆ್ಯಪ್‌ಡೇಟಾ, ಲೋಕಲ್, ಮೈಕ್ರೋಸಾಫ್ಟ್, ಟೀಮ್ಸ್ ಎಂಬ ಹೆಸರುಗಳು ಸಾಲಾಗಿ ಕಂಡರೆ ಅದು ಹಳೆಯದು. ಅದರ ಮೇಲೆ ಮತ್ತೆ ಬಲಗುಂಡಿ ಒತ್ತಿ 'ಡಿಸೇಬಲ್' ಮಾಡಿರಿ. ಇಷ್ಟಕ್ಕೇ ಅದು ಮುಂಜಾನೆ ಎದ್ದು ನಿಲ್ಲುವದು ತಪ್ಪುವದು. ಸಂದರ್ಶನಕ್ಕೆ ಹತ್ತೇ ನಿಮಿಷ ಉಳಿದವರು ಇಷ್ಟು ಕೂಡ ಮಾಡಬೇಕಾಗಿಲ್ಲ. ಸಭೆಯ ಕೊಂಡಿ ಒತ್ತಿದಾಗ ಬ್ರೌಸರಿನಲ್ಲಿಯೇ ಮುಂದುವರಿಯುವ ಆಯ್ಕೆ ಬರುತ್ತದೆ, ಅದನ್ನು ಆರಿಸಿಕೊಂಡರೆ ಆಯಿತು. ಉಳಿದದ್ದನ್ನು ಆಮೇಲೆ ನೋಡಬಹುದು.

ಎರಡನೆಯದಾಗಿ ಕಪಾಟಿನಲ್ಲಿಯ ಕಟ್ಟು. 'ಸೆಟ್ಟಿಂಗ್ಸ್' ತೆರೆದು 'ಆ್ಯಪ್ಸ್' ಭಾಗಕ್ಕೆ ಹೋಗಿರಿ. ವಿಂಡೋಸ್ 10ರಲ್ಲಿ 'ಆ್ಯಪ್ಸ್ ಆ್ಯಂಡ್ ಫೀಚರ್ಸ್', 11ರಲ್ಲಿ 'ಇನ್‌ಸ್ಟಾಲ್ಡ್ ಆ್ಯಪ್ಸ್' ಎಂದು ಇರುತ್ತದೆ. ಹುಡುಕುವ ಜಾಗದಲ್ಲಿ ಟೀಮ್ಸ್ ಎಂದು ಬರೆಯಿರಿ. ಬರುವ ಹೆಸರುಗಳಲ್ಲಿ 'ಟೀಮ್ಸ್ ಮಶೀನ್-ವೈಡ್ ಇನ್‌ಸ್ಟಾಲರ್' ಇದ್ದರೆ ಅದನ್ನು ಮೊದಲು 'ಅನ್‌ಇನ್‌ಸ್ಟಾಲ್' ಮಾಡಿರಿ. ಇದಕ್ಕೆ ಯಂತ್ರದ ಆಡಳಿತಗಾರರ ಗುಪ್ತಪದ ಬೇಕಾಗುವದು. ನಿಮ್ಮಲ್ಲಿ ಅದು ಇಲ್ಲದಿದ್ದರೆ ಒತ್ತಾಯ ಮಾಡದೆ ಅದನ್ನು ಬಲ್ಲವರಿಗೆ ಹೇಳಿರಿ.

ಮೂರನೆಯದಾಗಿ, ಅದೇ ಪಟ್ಟಿಯಲ್ಲಿ 'ಕ್ಲಾಸಿಕ್' ಎಂಬ ಪದ ಕೂಡಿಕೊಂಡಿರುವ ಟೀಮ್ಸ್‌ನ್ನು ಅನ್‌ಇನ್‌ಸ್ಟಾಲ್ ಮಾಡಿರಿ. ಕ್ಲಾಸಿಕ್ ಎಂದು ಇಲ್ಲದ್ದನ್ನು ಮುಟ್ಟಬೇಡಿರಿ, ಅದು ಹೊಸದು. ಯಂತ್ರವನ್ನು ಬಳಸುವ ಪ್ರತಿಯೊಬ್ಬರೂ ತಮ್ಮತಮ್ಮ ಖಾತೆಯಿಂದ ಪ್ರವೇಶಿಸಿ ಇದನ್ನೇ ಮಾಡಬೇಕು. ಒಬ್ಬರ ಖಾತೆಯಿಂದ ತೆಗೆದರೆ ಇನ್ನೊಬ್ಬರ ಪ್ರತಿ ಹೋಗುವದಿಲ್ಲ ಎಂಬದನ್ನು ಮೇಲೆಯೇ ಹೇಳಿದ್ದಾಗಿದೆ.

ಈ ಕ್ರಮ ಏಕೆ ಎಂದು ಕೇಳಬಹುದು. ಮೊದಲು ಕ್ಲಾಸಿಕ್ ತೆಗೆದು, ಇನ್‌ಸ್ಟಾಲರನ್ನು ಹಾಗೆಯೇ ಬಿಟ್ಟರೆ, ಮುಂದೆ ಹೊಸಬರು ಪ್ರವೇಶಿಸಿದಾಗ ಅದು ಮತ್ತೆ ಪ್ರತಿ ಹಂಚುವದು. ತೂತು ಮುಚ್ಚದೆ ನೀರು ಮೊಗೆದಂತೆ ಆಗುವದು. ಆದುದರಿಂದ ಮೊದಲು ಕಟ್ಟು, ಆಮೇಲೆ ಬಿಡಿ ಪ್ರತಿಗಳು.

ಕೊನೆಯದಾಗಿ, ಕೆಳಗಿನ ಪಟ್ಟಿಯಲ್ಲಿಯ ಹಳೆಯ ಚಿತ್ರದ ಮೇಲೆ ಬಲಗುಂಡಿ ಒತ್ತಿ ಅದನ್ನು ಅಲ್ಲಿಂದ ಬಿಡಿಸಿರಿ; ಹೊಸದನ್ನು ತೆರೆದು ಅದೇ ಸ್ಥಳದಲ್ಲಿ ಕೂಡಿಸಿರಿ. ಕೈಯ ರೂಢಿ ಬದಲಾಗಬೇಕಾಗಿಲ್ಲ, ರೂಢಿಯ ಜಾಗದಲ್ಲಿ ಸರಿಯಾದ ವಸ್ತು ಇದ್ದರೆ ಸಾಕು. ಬಳಿಕ ಕಂಪ್ಯೂಟರನ್ನು ಒಮ್ಮೆ ಆರಿಸಿ ಹಚ್ಚಿರಿ. ಹಳೆಯ ಕಿಟಕಿ ಬರದಿದ್ದರೆ ಕೆಲಸ ಮುಗಿಯಿತು.

ಯಂತ್ರವೇ ಹಳೆಯದಾಗಿದ್ದರೆ?

ನಮ್ಮ ಕಡೆಗೆ ಈ ಪ್ರಶ್ನೆಯೇ ದೊಡ್ಡದು. ಹೊಸ ಟೀಮ್ಸ್ ವಿಂಡೋಸ್ 7 ಮತ್ತು 8ರ ಮೇಲೆ ನಡೆಯುವದಿಲ್ಲ. ಅದಕ್ಕೆ ಕನಿಷ್ಠ ವಿಂಡೋಸ್ 10 ಬೇಕು. ಅದೂ 2020ರಲ್ಲಿ ಬಂದ ಇಲ್ಲವೆ ಅದರ ಮುಂದಿನ ಆವೃತ್ತಿ ಆಗಿರಬೇಕು. ಯಂತ್ರದ ಸ್ಮೃತಿ ನಾಲ್ಕು ಜಿಬಿಗೆ ಕಡಿಮೆ ಇರಬಾರದು. ವಿಂಡೋಸ್ 10ಕ್ಕೆ ಕೂಡ ಸಾಮಾನ್ಯ ರಕ್ಷಣೆ 2025ರ ಅಕ್ಟೋಬರ 14ಕ್ಕೆ ನಿಂತಿದೆ. ಹೊಸ ಯಂತ್ರ ಕೊಳ್ಳಲು ಕೂಡಲೆ ಹಣವಿಲ್ಲದವರು, ಮೊದಲು ಹೇಳಿದಂತೆ, ಬ್ರೌಸರಿನಲ್ಲಿ ಟೀಮ್ಸ್ ಬಳಸಬಹುದು. ಬ್ರೌಸರ್ ಮಾತ್ರ ಹೊಸದಾಗಿರಬೇಕು. ಇಲ್ಲವೆ ಮೊಬೈಲಿನಲ್ಲಿಯ ಟೀಮ್ಸ್ ಇದೆ. ಸಭೆಯಲ್ಲಿ ಕೇಳುವದಕ್ಕೂ ಮಾತನಾಡುವದಕ್ಕೂ ಅದು ಸಾಕಾಗುವದು. ಆದರೆ ಹೊಸ ಯಂತ್ರ ಬರುವವರೆಗೆ ಹಳೆಯ ಟೀಮ್ಸ್ ಇರಲಿ ಎಂದು ಅದನ್ನು ಇಟ್ಟುಕೊಳ್ಳುವದರಲ್ಲಿ ಅರ್ಥವಿಲ್ಲ. ಅದು ಸಂದೇಶ ತರುವದಿಲ್ಲ. ಇದ್ದಷ್ಟು ಸ್ಮೃತಿಯನ್ನೂ ತಾನು ಹಿಡಿದುಕೊಂಡು ಕೂಡುವದು. 2024ರಿಂದ ದುರಸ್ತಿ ಕಾಣದ ತಂತ್ರಾಂಶವೆಂದರೆ ಅಗಳಿ ಮುರಿದ ಹಿತ್ತಲ ಬಾಗಿಲಿನಂತೆ. ಕಳ್ಳ ಬಂದೇ ಬರುವನೆಂದಲ್ಲ, ಬಂದರೆ ತಡೆಯುವವರಿಲ್ಲ.

ಒಂದು ಎಚ್ಚರಿಕೆ

ಜನರ ಈ ಗೊಂದಲವನ್ನು ಬಲ್ಲ ಮೋಸಗಾರರೂ ಇದ್ದಾರೆ. 'ನಿಮ್ಮ ಟೀಮ್ಸ್ ಹಳೆಯದಾಗಿದೆ, ಇಲ್ಲಿ ಒತ್ತಿ ಹೊಸದನ್ನು ಇಳಿಸಿಕೊಳ್ಳಿ' ಎಂಬ ನಕಲಿ ಜಾಹೀರಾತುಗಳನ್ನು ಹುಡುಕುವ ಪುಟಗಳಲ್ಲಿ ಹಾಕಿ, ಟೀಮ್ಸ್ ಎಂಬ ಹೆಸರಿನಲ್ಲಿ ಕೇಡಿನ ತಂತ್ರಾಂಶವನ್ನು ಹಂಚಿದ ಪ್ರಕರಣಗಳು ಹೊರದೇಶಗಳಲ್ಲಿ ಬೆಳಕಿಗೆ ಬಂದಿವೆ. ಆದ್ದರಿಂದ ಟೀಮ್ಸ್‌ನ್ನು ಮೈಕ್ರೋಸಾಫ್ಟ್‌ನ ಸ್ವಂತ ಜಾಲತಾಣದಿಂದ ಇಲ್ಲವೆ ವಿಂಡೋಸ್‌ನೊಳಗಿನ ಸ್ಟೋರ್‌ನಿಂದ ಮಾತ್ರ ತೆಗೆದುಕೊಳ್ಳಿರಿ. ಅಪರಿಚಿತರು ಫೋನ್ ಮಾಡಿ, 'ನಾನು ಕಂಪನಿಯವನು, ನಿಮ್ಮ ಟೀಮ್ಸ್ ಸರಿಮಾಡಿಕೊಡುತ್ತೇನೆ, ನಿಮ್ಮ ಪರದೆಯನ್ನು ನನಗೆ ತೋರಿಸಿರಿ' ಎಂದರೆ ಫೋನ್ ಇಟ್ಟುಬಿಡಿರಿ. ಹಣ ಹೋದರೆ ತಡಮಾಡದೆ 1930 ಎಂಬ ಸಂಖ್ಯೆಗೆ ತಿಳಿಸಿರಿ. ಇಂಥ ಮೋಸಗಳ ದೂರಿಗಾಗಿಯೇ ಸರಕಾರ ಇಟ್ಟ ದೇಶದ ಸಹಾಯವಾಣಿ ಅದು.

ಹತ್ತಾರು ಕಂಪ್ಯೂಟರುಗಳಿರುವ ಸಂಸ್ಥೆಯಲ್ಲಿ ಒಂದೊಂದರ ಮುಂದೆಯೂ ಕುಳಿತು ಇದನ್ನೆಲ್ಲ ಮಾಡುವದು ಕಷ್ಟ, ಅಗತ್ಯವೂ ಇಲ್ಲ. ಕಂಪ್ಯೂಟರುಗಳನ್ನು ಒಂದೇ ಕಡೆಯಿಂದ ನಡೆಸುವ ವ್ಯವಸ್ಥೆ ಇದ್ದಲ್ಲಿ, ಎಲ್ಲ ಯಂತ್ರಗಳಿಂದಲೂ ಹಳೆಯದನ್ನು ತೆಗೆಯುವ ಆಜ್ಞೆಯನ್ನು ಆಡಳಿತಗಾರರು ಒಮ್ಮೆಗೇ ಕಳಿಸಬಲ್ಲರು. ಹಳೆಯ ಟೀಮ್ಸ್‌ನ ಕಡತ ತೆರೆಯದಂತೆ ನಿಯಮ ಹಾಕಲೂ ಬರುತ್ತದೆ. ಶಾಖೆಯವರು ಮಾಡಬೇಕಾದದ್ದು ಇಷ್ಟೇ: ಎಷ್ಟು ಯಂತ್ರಗಳಲ್ಲಿ ಹಳೆಯದು ತೆರೆಯುತ್ತದೆ, ಯಾವುದರಲ್ಲಿ ಯಾವ ವಿಂಡೋಸ್ ಇದೆ ಎಂಬದನ್ನು ಒಂದು ಹಾಳೆಯ ಮೇಲೆ ಬರೆದು ಕಳಿಸುವದು. 'ನಮ್ಮ ಕಂಪ್ಯೂಟರ್ ನಡೆಯುವದಿಲ್ಲ' ಎಂದು ಬರೆದರೆ ಉತ್ತರ ತಡವಾದೀತು. 'ಕ್ಲಾಸಿಕ್ ಟೀಮ್ಸ್ ಮೂರು ಯಂತ್ರಗಳಲ್ಲಿ ಮುಂಜಾನೆ ತಾನಾಗಿ ತೆರೆಯುತ್ತದೆ' ಎಂದು ಬರೆದರೆ ಉತ್ತರ ಬೇಗ ಬಂದೀತು.

ಮತ್ತೆ ಆ ಸೋಮವಾರದ ಕಾರಕೂನರ ಮಾತಿಗೆ ಬರೋಣ. ಅವರು ಸುಳ್ಳು ಹೇಳಿದ್ದಲ್ಲ. ಅವರಿಗೆ ಕಾರಣ ತಿಳಿಯಲಿಲ್ಲ. ತಿಳಿಯದ್ದಕ್ಕೆಲ್ಲ ನಮ್ಮಲ್ಲಿ ನೆಟ್‌ವರ್ಕ್ ಎಂಬುದೊಂದೇ ಹೆಸರು. ಆದರೆ ಇಂಥ ಪ್ರಸಂಗದಲ್ಲಿ ಮಾತು ಕೇಳಬೇಕಾಗಿ ಬರುವದು ಯಂತ್ರವಲ್ಲ, ಅದರ ಮುಂದೆ ಕುಳಿತ ಮನುಷ್ಯ. ಅದೂ ಬಹುತೇಕ ಕಚೇರಿಯಲ್ಲಿ ಎಲ್ಲರಿಗಿಂತ ಕಿರಿಯನಾದವನು. ಮುಂದಿನ ಸಲ ಬೇಡವಾದ ಕಿಟಕಿಯೊಂದು ಮುಚ್ಚಿದಷ್ಟೂ ತೆರೆದುಕೊಂಡಾಗ, ಅವನ ಮೇಲೆ ಸಿಟ್ಟಾಗುವ ಮುಂಚೆ, 'ಇದಕ್ಕೆ ತೆರೆಯೆಂದು ಆಜ್ಞೆ ಎಲ್ಲಿಂದ ಬರುತ್ತಿದೆ?' ಎಂದು ಇಬ್ಬರೂ ಕೂಡಿ ಹುಡುಕಿರಿ. ಆಜ್ಞೆ ಇದ್ದಲ್ಲಿ ಅದನ್ನು ರದ್ದು ಮಾಡಿದರೆ ಮುಗಿಯಿತು. ಇದಕ್ಕೆ ಬೇಕಾದದ್ದು ಅರ್ಧ ಗಂಟೆ ಮತ್ತು ಸ್ವಲ್ಪ ಸಮಾಧಾನ. ಸಭೆಯಿಲ್ಲದ ಒಂದು ಮಧ್ಯಾಹ್ನ ಅಷ್ಟನ್ನು ತೆಗೆದಿಟ್ಟರೆ, ಸಭೆಯ ಮುಂಜಾನೆ ನೀವು ಸಭೆಯ ವಿಷಯವನ್ನೇ ಯೋಚಿಸಬಹುದು.